ಮನೆಯ ಹಿರಿಯರಿಗೆ ವೀಡಿಯೊ ಕರೆ ಕಲಿಸುವ ಕ್ರಮ: ಫೋನ್ ಸಿದ್ಧಪಡಿಸುವುದರಿಂದ ಮೋಸದ ಕರೆ ಗುರುತಿಸುವವರೆಗೆ

ಊರಿನಲ್ಲಿರುವ ತಂದೆತಾಯಿಗೆ ಸ್ಮಾರ್ಟ್‌ಫೋನ್ ಕೊಡಿಸಿ, ಹೊರಡುವ ಹಿಂದಿನ ರಾತ್ರಿ ಅರ್ಧ ಗಂಟೆ ಕೂತು ಎಲ್ಲವನ್ನೂ ಒಟ್ಟಿಗೆ ತೋರಿಸಿ, ಬೆಂಗಳೂರಿಗೋ ಅಮೆರಿಕಕ್ಕೋ ಮರಳಿದ ಮೇಲೆ "ಎಷ್ಟು ಹೇಳಿಕೊಟ್ಟರೂ ಅಮ್ಮನಿಗೆ ವೀಡಿಯೊ ಕಾಲ್ ಬರುವುದಿಲ್ಲ" ಎಂದು ಬೇಸರಪಡುವವರು ಬಹಳ ಮಂದಿ ಇದ್ದಾರೆ. ಇಂಥ ಸೋಲಿಗೆ ಹೆಚ್ಚಿನ ಸಲ ಕಲಿಸಿದ ಕ್ರಮವೇ ಕಾರಣವಾಗಿರುತ್ತದೆ. ಫೋನನ್ನು ಮೊದಲೇ ಹದ ಮಾಡದೆ ಪಾಠ ಆರಂಭಿಸಿರುತ್ತಾರೆ. ಬಂದ ಕರೆಯನ್ನು ಎತ್ತುವುದು ಕೈಗೆ ಹತ್ತುವ ಮೊದಲೇ ಕರೆ ಮಾಡುವುದನ್ನು ಹೇಳಿಕೊಟ್ಟಿರುತ್ತಾರೆ. ಕಲಿಯುವವರು ತಡವರಿಸಿದ ತಕ್ಷಣ ಫೋನನ್ನು ಕಸಿದುಕೊಂಡು ತಾವೇ ಒತ್ತಿ ತೋರಿಸಿರುತ್ತಾರೆ.

ಈ ಮಾರ್ಗದರ್ಶಿಯು ಹೆಚ್ಚಿನ ಮನೆಗಳಲ್ಲಿರುವ ಆಂಡ್ರಾಯ್ಡ್ ಫೋನ್ ಮತ್ತು ವಾಟ್ಸಾಪ್ ಅನ್ನು ಆಧರಿಸಿದೆ. ಫೋನಿನ ಕಂಪನಿಗೆ ತಕ್ಕಂತೆ ಸೆಟ್ಟಿಂಗ್ಸ್‌ನ ಹೆಸರುಗಳು ಅಲ್ಪಸ್ವಲ್ಪ ಬದಲಾಗಬಹುದಾದರೂ ಹಂತಗಳ ಕ್ರಮ ಬದಲಾಗುವುದಿಲ್ಲ. ಸಾಧ್ಯವಾದರೆ ನೀವು ಊರಿಗೆ ಬಂದ ಮೊದಲ ದಿನವೇ ಆರಂಭಿಸಿ, ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಮೀರದಂತೆ, ಒಂದು ಹಂತ ಗಟ್ಟಿಯಾದ ಮೇಲೆಯೇ ಮುಂದಿನದಕ್ಕೆ ಹೋಗಿ.

1. ಬೇಕಾದ ಸಾಮಗ್ರಿ ಮತ್ತು ಕೂರುವ ಜಾಗ

ದೊಡ್ಡ ಪರದೆಯ ಫೋನ್, ಅದನ್ನು ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್, ಓದುವ ಕನ್ನಡಕ, ದಪ್ಪ ಮಾರ್ಕರ್ ಪೆನ್ನು ಮತ್ತು ಒಂದು ರಟ್ಟಿನ ಹಾಳೆ ಇದ್ದರೆ ಸಾಕು. ಮಕ್ಕಳು ಬಳಸಿ ಬಿಟ್ಟ ಹಳೆಯ ಫೋನನ್ನು ಹಿರಿಯರಿಗೆ ಕೊಡುವುದು ರೂಢಿ. ಕೊಡುವ ಮುನ್ನ ಅದರ ಸ್ಪೀಕರಿನ ಸದ್ದು, ಬ್ಯಾಟರಿ ಮತ್ತು ಪರದೆಯ ಅಂಚುಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿ. ಒಡೆದ ಗಾಜಿನ ಮೇಲೆ ಬೆರಳು ಸರಿಸಲು ಹೆದರುವವರು ಏನನ್ನೂ ಕಲಿಯಲಾರರು.

ಮನೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವ ಜಾಗವನ್ನು ಹುಡುಕಿ, ಫೋನಿನ ನಿತ್ಯದ ಸ್ಥಾನವನ್ನು ಅಲ್ಲೇ ಗೊತ್ತುಮಾಡಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಹಾಗಿದ್ದಲ್ಲಿ ಕುರ್ಚಿ, ಸ್ಟ್ಯಾಂಡ್, ಚಾರ್ಜರ್ ಎಲ್ಲವೂ ಅಲ್ಲಿಗೇ ಹೋಗಬೇಕು. ಮನೆಯಲ್ಲಿ ವೈಫೈ ಇದ್ದರೆ ಕರೆಂಟ್ ಹೋದಾಗ ರೂಟರ್ ಕೂಡ ನಿಂತುಹೋಗುತ್ತದೆ ಎಂಬುದನ್ನು ಮರೆಯದೆ, ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ಹಾಕಿಸಿ. ಇಲ್ಲವೇ ಮೊಬೈಲ್ ಡೇಟಾ ಸದಾ ಆನ್ ಆಗಿರುವಂತೆ ನೋಡಿಕೊಳ್ಳಿ.

2. ಪಾಠಕ್ಕೆ ಮುಂಚೆ ಫೋನನ್ನು ಹದಗೊಳಿಸುವುದು

ಈ ಹಂತವನ್ನು ಹಿರಿಯರ ಎದುರಿಗೆ ಮಾಡಬೇಡಿ. ನೀವು ಸೆಟ್ಟಿಂಗ್ಸ್‌ನೊಳಗೆ ಓಡಾಡುವುದನ್ನು ನೋಡಿದರೆ, ಇಷ್ಟೆಲ್ಲವನ್ನೂ ತಾವು ಕಲಿಯಬೇಕೇನೋ ಎಂಬ ಗಾಬರಿ ಅವರಿಗೆ ಹುಟ್ಟುತ್ತದೆ. ಒಬ್ಬರೇ ಕುಳಿತು ಸಾವಧಾನವಾಗಿ ಮುಗಿಸಿ.

ಡಿಸ್‌ಪ್ಲೇ ವಿಭಾಗದಲ್ಲಿ ಅಕ್ಷರದ ಗಾತ್ರವನ್ನು ಹಿಗ್ಗಿಸಿ, ಆದರೆ ತೀರಾ ಕೊನೆಯ ಅಳತೆಗೆ ಒಯ್ಯಬೇಡಿ. ಹಾಗೆ ಮಾಡಿದಾಗ ಕೆಲವು ಗುಂಡಿಗಳು ಪರದೆಯ ಆಚೆಗೆ ಹೋಗಿಬಿಡುತ್ತವೆ. ಪರದೆ ತಾನಾಗಿ ಆರುವ ಅವಧಿಯನ್ನು ಐದು ನಿಮಿಷಕ್ಕೆ ಏರಿಸಿ, ಇಲ್ಲದಿದ್ದರೆ ಅವರು ಯೋಚಿಸಿ ಬೆರಳು ಎತ್ತುವಷ್ಟರಲ್ಲಿ ಕತ್ತಲಾಗಿರುತ್ತದೆ. ವಾಟ್ಸಾಪ್‌ನ ಭಾಷೆಯನ್ನು ಮಾತ್ರ ಪ್ರತ್ಯೇಕವಾಗಿ ಕನ್ನಡಕ್ಕೆ ಬದಲಿಸುವ ಅವಕಾಶ ಅದರ ಸೆಟ್ಟಿಂಗ್ಸ್‌ನಲ್ಲೇ ಇದೆ. ಕನ್ನಡವನ್ನಷ್ಟೇ ಸರಾಗವಾಗಿ ಓದುವವರಿಗೆ ಹಾಗೆ ಮಾಡಿಕೊಡಿ. ಇಡೀ ವೃತ್ತಿಜೀವನವನ್ನು ಇಂಗ್ಲಿಷ್ ಕಡತಗಳೊಂದಿಗೆ ಕಳೆದ ನಿವೃತ್ತರಿಗೆ ಇಂಗ್ಲಿಷ್ ಇರುವುದೇ ಸಲೀಸು.

ಮುಖಪುಟದಲ್ಲಿ ಫೋನ್, ವಾಟ್ಸಾಪ್ ಮತ್ತು ಅವರು ನಿಜವಾಗಿ ಬಳಸುವ ಒಂದೆರಡು ಚಿತ್ರಗಳನ್ನಷ್ಟೇ ಉಳಿಸಿ, ಮಿಕ್ಕವನ್ನು ತೆಗೆದುಹಾಕಿ. ಅನಂತರ ಮುಖಪುಟದ ಜೋಡಣೆಯನ್ನು ಲಾಕ್ ಮಾಡುವ ಆಯ್ಕೆ ನಿಮ್ಮ ಫೋನಿನಲ್ಲಿದ್ದರೆ ಅದನ್ನು ತಪ್ಪದೆ ಬಳಸಿ. "ವಾಟ್ಸಾಪ್ ಕಳೆದುಹೋಗಿದೆ" ಎಂಬ ದೂರು ಬರುವುದು ಸಾಮಾನ್ಯವಾಗಿ ಬೆರಳು ಹೆಚ್ಚು ಹೊತ್ತು ಒತ್ತಿ ಚಿತ್ರ ಬೇರೆಡೆಗೆ ಸರಿದುಹೋದಾಗ.

ಕರೆ ಮಾಡುವ ಮಕ್ಕಳ, ಮೊಮ್ಮಕ್ಕಳ ಸಂಖ್ಯೆಗಳನ್ನು ದೇಶದ ಕೋಡ್ ಸಹಿತ ಉಳಿಸಬೇಕು: ಅಮೆರಿಕ ಮತ್ತು ಕೆನಡಾಕ್ಕೆ +1, ಬ್ರಿಟನ್‌ಗೆ +44, ಆಸ್ಟ್ರೇಲಿಯಾಕ್ಕೆ +61. ಹೆಸರನ್ನು ಅವರು ಕರೆಯುವ ಹಾಗೆಯೇ, ಮನೆಯ ಹೆಸರಿನಲ್ಲೇ, ಕನ್ನಡದಲ್ಲಿ ಬರೆಯಿರಿ. ಹಾಗೆಯೇ ನಿಮ್ಮ ಸ್ವಂತ ವಾಟ್ಸಾಪ್‌ನ ಚಿತ್ರವನ್ನೊಮ್ಮೆ ನೋಡಿಕೊಳ್ಳಿ. ಅಲ್ಲಿ ಸೂರ್ಯಾಸ್ತವೋ ದೇವರ ಪಟವೋ ಇದ್ದರೆ, ಕನ್ನಡಕ ಹುಡುಕುತ್ತಿರುವ ಅಮ್ಮನಿಗೆ ಯಾರ ಕರೆಯೆಂದು ತಿಳಿಯುವುದೇ ಇಲ್ಲ. ನಿಮ್ಮ ಮುಖ ತುಂಬಿಕೊಂಡಿರುವ ಫೋಟೊ ಹಾಕಿ.

ಇನ್ನು ಕಣ್ಣಿಗೆ ಕಾಣದ ತೊಡಕುಗಳನ್ನು ಸರಿಪಡಿಸಬೇಕು. ವಾಟ್ಸಾಪ್‌ಗೆ ಕ್ಯಾಮೆರಾ, ಮೈಕ್ ಮತ್ತು ನೋಟಿಫಿಕೇಶನ್ ಅನುಮತಿಗಳನ್ನು ನೀವೇ ಕೊಟ್ಟು, ಒಂದು ಕರೆ ಮಾಡಿ ನೋಡಿ. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಕೆಲವು ಫೋನ್‌ಗಳು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುವುದರಿಂದ, ಪರದೆ ಆರಿದ ಸ್ವಲ್ಪ ಹೊತ್ತಿಗೆ ಕರೆ ಬಂದರೂ ಗಂಟೆ ಬಾರಿಸುವುದಿಲ್ಲ. ಆ್ಯಪ್‌ನ ಬ್ಯಾಟರಿ ವಿಭಾಗಕ್ಕೆ ಹೋಗಿ ನಿರ್ಬಂಧ ಬೇಡವೆಂದು ಆರಿಸಿ. ಆಟೊಸ್ಟಾರ್ಟ್ ಎಂಬ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ವಾಟ್ಸಾಪ್‌ನ ಸ್ಟೋರೇಜ್ ಅಂಡ್ ಡೇಟಾ ವಿಭಾಗದಲ್ಲಿ ಫೋಟೊ, ವೀಡಿಯೊಗಳು ತಾವಾಗಿಯೇ ಡೌನ್‌ಲೋಡ್ ಆಗದಂತೆ ನಿಲ್ಲಿಸಿ. ಶುಭೋದಯದ ಚಿತ್ರಗಳು ಕೆಲವೇ ತಿಂಗಳಲ್ಲಿ ಹಳೆಯ ಫೋನಿನ ಜಾಗವನ್ನು ತುಂಬಿಬಿಡುತ್ತವೆ, ದಿನದ ಡೇಟಾವನ್ನೂ ತಿನ್ನುತ್ತವೆ. ಅದೇ ವಿಭಾಗದಲ್ಲಿ ಕರೆಗಳಿಗೆ ಕಡಿಮೆ ಡೇಟಾ ಬಳಸುವ ಆಯ್ಕೆಯೂ ಇದೆ. ನೆಟ್‌ವರ್ಕ್ ದುರ್ಬಲವಾಗಿರುವ ಊರುಗಳಲ್ಲಿ ಅದು ಉಪಯುಕ್ತ.

ಕರಾವಳಿಯ ಕುಟುಂಬಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ದುಬೈ, ಅಬುಧಾಬಿ ಮೊದಲಾದ ಯುಎಇ ನಗರಗಳಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆಯಾದರೂ ಅದರ ಕರೆಗಳಿಗೆ ನಿರ್ಬಂಧವಿದೆ. ಮಗ ಅಲ್ಲಿದ್ದರೆ ಬೋಟಿಮ್‌ನಂಥ ಅಲ್ಲಿ ಅನುಮತಿಯಿರುವ ಆ್ಯಪ್ ಅನ್ನೇ ಮೊದಲಿನಿಂದ ಕಲಿಸಿ. ಮೊದಲು ವಾಟ್ಸಾಪ್ ಕಲಿಸಿ ಆಮೇಲೆ ಬದಲಿಸಿದರೆ ಕಲಿತದ್ದೆಲ್ಲ ಕಲಸಿಹೋಗುತ್ತದೆ.

3. ಬೆರಳಿಗೆ ಮೊದಲ ಪಾಠ

ಬಹಳ ಜನ ಈ ಹಂತವನ್ನು ಬಿಟ್ಟುಬಿಡುತ್ತಾರೆ, ಮುಂದೆ ಸೋಲುವುದು ಇಲ್ಲಿಯೇ. ಲ್ಯಾಂಡ್‌ಲೈನ್, ಕೀಪ್ಯಾಡ್ ಫೋನ್‌ಗಳ ಗುಂಡಿಯನ್ನು ಅದುಮಿ ಅಭ್ಯಾಸವಾದ ಬೆರಳು ಗಾಜನ್ನೂ ಅದುಮುತ್ತದೆ. ಫೋನಿಗೆ ಅದು ಬೇರೆಯದೇ ಆದೇಶವಾಗಿ ತಿಳಿದು, ಕೇಳದ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಗಾಜನ್ನು ಮುಟ್ಟಿ ತಕ್ಷಣ ಬೆರಳೆತ್ತುವುದನ್ನು ಕ್ಯಾಲ್ಕುಲೇಟರ್ ತೆರೆದು ಅಭ್ಯಾಸ ಮಾಡಿಸಿ, ಏಕೆಂದರೆ ಅಲ್ಲಿ ಏನು ಒತ್ತಿದರೂ ಕೆಡುವಂಥದ್ದಿಲ್ಲ. ಆಕ್ಸೆಸಿಬಿಲಿಟಿ ವಿಭಾಗದಲ್ಲಿ, ಎಷ್ಟು ಹೊತ್ತು ಒತ್ತಿ ಹಿಡಿದರೆ ದೀರ್ಘ ಸ್ಪರ್ಶವೆಂದು ಪರಿಗಣಿಸಬೇಕು ಎಂಬ ಆಯ್ಕೆ ಇರುತ್ತದೆ. ಅದನ್ನು ಹೆಚ್ಚಿನ ಅವಧಿಗೆ ಇಡಿ.

ವಯಸ್ಸಾದಂತೆ ಬೆರಳ ತುದಿಯ ಚರ್ಮ ಒಣಗುತ್ತದೆ, ಒಣ ಬೆರಳನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ತೋಟದ ಕೆಲಸ, ಪಾತ್ರೆ ತೊಳೆಯುವ ಕೆಲಸ ಮಾಡಿ ಒರಟಾದ ಕೈಗಳಿಗಂತೂ ಈ ತೊಂದರೆ ಇನ್ನೂ ಹೆಚ್ಚು. ಒದ್ದೆ ಬಟ್ಟೆಯಿಂದ ಬೆರಳ ತುದಿಯನ್ನು ಒಮ್ಮೆ ಒರೆಸಿಕೊಂಡು, ತುದಿಯ ಬದಲು ಬೆರಳಿನ ಮೆತ್ತನೆಯ ಭಾಗದಿಂದ ಮುಟ್ಟಲು ಹೇಳಿ. "ನನ್ನ ಕೈಗೆ ಈ ಫೋನು ಕೇಳುವುದಿಲ್ಲ" ಎಂದು ಅವರು ಹೇಳಿದರೆ ನಂಬಿ, ಆ ಮಾತು ಅಕ್ಷರಶಃ ನಿಜವಾಗಿರಬಹುದು.

4. ಬಂದ ಕರೆಯನ್ನು ಎತ್ತುವುದು

ವೀಡಿಯೊ ಕರೆಯ ಪಾಠ ಆರಂಭವಾಗಬೇಕಾದದ್ದು ಇಲ್ಲಿಂದ. ಕರೆ ಎತ್ತುವುದೊಂದು ಬಂದರೆ ಅವರಿಗೆ ಮೊಮ್ಮಗುವಿನ ಮುಖ ಕಾಣುತ್ತದೆ, ಉಳಿದದ್ದನ್ನು ಕಲಿಯುವ ಆಸೆಯೂ ತಾನಾಗಿ ಬರುತ್ತದೆ.

ಒಂದೇ ಕರೆ ಎರಡು ರೂಪಗಳಲ್ಲಿ ಬರುತ್ತದೆ ಎಂಬುದನ್ನು ಹೆಚ್ಚಿನ ಮಕ್ಕಳು ಗಮನಿಸಿಯೇ ಇರುವುದಿಲ್ಲ. ಪರದೆ ಆರಿರುವಾಗ ಬಂದರೆ ಕರೆ ಇಡೀ ಪರದೆಯನ್ನು ತುಂಬುತ್ತದೆ, ಹೆಚ್ಚಿನ ಫೋನ್‌ಗಳಲ್ಲಿ ಗುಂಡಿಯನ್ನು ಮೇಲಕ್ಕೆ ಸರಿಸಿದರೆ ಮಾತ್ರ ಎತ್ತಿದಂತಾಗುತ್ತದೆ. ಫೋನನ್ನು ಬಳಸುತ್ತಿರುವಾಗ ಬಂದರೆ ಪರದೆಯ ಮೇಲಂಚಿನಲ್ಲಿ ಚಿಕ್ಕ ಪಟ್ಟಿ ಮೂಡುತ್ತದೆ, ಅಲ್ಲಿ ಸರಿಸುವ ಮಾತಿಲ್ಲ, ಮುಟ್ಟಿದರೆ ಸಾಕು. ಒಂದನ್ನು ಮಾತ್ರ ಕಲಿತವರು ಇನ್ನೊಂದು ಬಂದಾಗ ದಿಗ್ಭ್ರಮೆಗೊಳ್ಳುತ್ತಾರೆ. ಆದ್ದರಿಂದ ನಿಮ್ಮ ಮನೆಯ ಫೋನಿನಲ್ಲಿ ಎರಡೂ ಹೇಗೆ ಕಾಣುತ್ತವೆ ಎಂದು ನೋಡಿಕೊಂಡು, ಮೊದಲು ಪರದೆ ಆರಿಸಿಟ್ಟು ಹಲವು ಸಲ, ಅನಂತರ ಪರದೆ ತೆರೆದಿಟ್ಟು ಹಲವು ಸಲ ಅಭ್ಯಾಸ ಮಾಡಿಸಿ.

ಅಭ್ಯಾಸದ ಕರೆಯನ್ನು ಬೇರೆ ಕೋಣೆಯಿಂದ, ಬಾಗಿಲು ಹಾಕಿಕೊಂಡು ಮಾಡಿ. ಎರಡು ಫೋನುಗಳೂ ಒಂದೇ ಕೋಣೆಯಲ್ಲಿದ್ದರೆ ಒಂದರ ಸದ್ದು ಇನ್ನೊಂದರ ಮೈಕಿಗೆ ಹೊಕ್ಕು ಕೀರಲು ಕೂಗು ಎದ್ದು, ತಾವೇನೋ ಕೆಡಿಸಿದೆವೆಂದು ಅವರು ಹೆದರುತ್ತಾರೆ. ಗಂಟೆ ಬಾರಿಸಿದಾಗ ಅವಸರಪಡಬೇಕಿಲ್ಲ, ಕನ್ನಡಕ ಹಾಕಿಕೊಂಡು, ಕೂತು, ಮುಖ ನೋಡಿ ಎತ್ತಿದರಾಯಿತು ಎಂದು ಮೊದಲೇ ಹೇಳಿಡಿ. ನೀವು ಕೂಡ ಕರೆ ತಾನಾಗಿ ನಿಲ್ಲುವವರೆಗೆ ಕಾಯಬೇಕು. ನಾಲ್ಕು ಸಲ ಗಂಟೆಯಾದ ಕೂಡಲೇ ಕತ್ತರಿಸಿ ಮತ್ತೆ ಮಾಡಬೇಡಿ. ಕೈ ಸರಿಯಾಗಿ ಗುಂಡಿಯ ಮೇಲೆ ಬಂದ ಕ್ಷಣಕ್ಕೇ ಕರೆ ಕಡಿದುಹೋದರೆ, ತಪ್ಪು ಒತ್ತಿದ್ದು ತಾವೇ ಎಂದು ಅವರು ತೀರ್ಮಾನಿಸುತ್ತಾರೆ.

5. ಮಾತನಾಡುವಾಗ ಫೋನ್ ಎಲ್ಲಿರಬೇಕು

ಕರೆ ಎತ್ತಿದ ತಕ್ಷಣ ಫೋನ್ ಕಿವಿಗೆ ಹೋಗುತ್ತದೆ. ಅರ್ಧ ಶತಮಾನದ ಅಭ್ಯಾಸ ಅದು. ಆಚೆ ಕಡೆಯವರಿಗೆ ಪರದೆಯ ತುಂಬ ಒಂದು ಕಿವಿ, ಓಲೆ ಮತ್ತು ಕೆಲವು ಬಿಳಿ ಕೂದಲು ಮಾತ್ರ ಕಾಣುತ್ತಿರುತ್ತವೆ, ಅಮ್ಮ ಮಾತ್ರ "ನಿನ್ನ ಮುಖವೇ ಕಾಣಿಸ್ತಿಲ್ಲ" ಎನ್ನುತ್ತಿರುತ್ತಾರೆ. ಇದನ್ನು ಮಾತಿನಿಂದ ತಿದ್ದುವುದು ಕಷ್ಟ, ಸ್ಟ್ಯಾಂಡಿನಿಂದ ಸುಲಭ. ಫೋನನ್ನು ಸ್ಟ್ಯಾಂಡಿನ ಮೇಲೆಯೇ ಇಟ್ಟು, ಅಲ್ಲಿಂದ ಎತ್ತದೆ ಕರೆ ಸ್ವೀಕರಿಸುವುದನ್ನು ರೂಢಿ ಮಾಡಿಸಿದರೆ ಈ ಸಮಸ್ಯೆ ಹುಟ್ಟುವುದೇ ಇಲ್ಲ, ಕೈ ನಡುಗುವವರಿಗೂ ನೆಮ್ಮದಿ. ಸ್ಟ್ಯಾಂಡ್ ಇಲ್ಲದಿದ್ದರೆ ಭಾರವಾದ ಡಬ್ಬಿಯೊಂದಕ್ಕೆ ಒರಗಿಸಿಡಿ.

ಫೋನು ಕಣ್ಣಿನ ಮಟ್ಟದಲ್ಲಿ, ಒಂದು ಮೊಳದಷ್ಟು ದೂರದಲ್ಲಿರಲಿ. ತೊಡೆಯ ಮೇಲಿಟ್ಟುಕೊಂಡರೆ ನಿಮಗೆ ಸೀಲಿಂಗ್ ಫ್ಯಾನ್ ಮಾತ್ರ ಕಾಣುತ್ತದೆ. ಕಿಟಕಿ ಅವರ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುವುದರಿಂದ, ಕುರ್ಚಿಯನ್ನು ಬೆಳಕು ಮುಖದ ಮೇಲೆ ಬೀಳುವಂತೆ ತಿರುಗಿಸಿ. ಕಿವಿ ಮಂದವಿದ್ದವರಿಗೆ ಸ್ಪೀಕರಿಗಿಂತ, ಕಿವಿಯನ್ನು ಪೂರ್ತಿ ಮುಚ್ಚುವ ವೈರಿನ ಹೆಡ್‌ಫೋನ್ ಹೆಚ್ಚು ಅನುಕೂಲ. ಶ್ರವಣಯಂತ್ರ ಬಳಸುವವರಾದರೆ ಅದಕ್ಕೆ ಬ್ಲೂಟೂತ್ ಇದೆಯೇ ಎಂದು ನೋಡಿ. ಸದ್ದಿನ ಗುಂಡಿಯನ್ನು ಕರೆ ನಡೆಯುತ್ತಿರುವಾಗಲೇ ಏರಿಸಬೇಕು, ಏಕೆಂದರೆ ಗಂಟೆಯ ಸದ್ದು ಬೇರೆ, ಕರೆಯ ಸದ್ದು ಬೇರೆ.

ಆಚೆ ಕಡೆಯವರ ಹೊಣೆಯೂ ಇದೆ: ಒಂದು ಸಲಕ್ಕೆ ಒಬ್ಬರೇ ಮಾತನಾಡಿ, ನಡೆದಾಡುತ್ತ ಮಾತನಾಡಬೇಡಿ, ನಿಮ್ಮ ತುಟಿ ಅವರಿಗೆ ಕಾಣುವಂತಿರಲಿ.

6. ಕರೆ ಮುಗಿಸುವುದು, ದಾರಿ ತಪ್ಪಿದಾಗ ಮರಳುವುದು

ಕರೆ ನಡೆಯುತ್ತಿದ್ದಂತೆ ಗುಂಡಿಗಳು ಪರದೆಯಿಂದ ಮಾಯವಾಗುತ್ತವೆ. ಪರದೆಯ ನಡುವೆ ಒಮ್ಮೆ ಮುಟ್ಟಿದರೆ ಅವು ಮರಳಿ ಬರುತ್ತವೆ, ಆಗ ಕೆಂಪು ಗುಂಡಿಯನ್ನು ಮುಟ್ಟಬೇಕು. ಈ ಎರಡು ಹೆಜ್ಜೆಗಳನ್ನು ಬಿಡಿಸಿ ಹೇಳದಿದ್ದರೆ, ಮಾತು ಮುಗಿದರೂ ಕರೆ ಮುಗಿಯದೆ ಮನೆಯ ಮಾತುಗಳೆಲ್ಲ ಆಚೆ ಕೇಳುತ್ತಿರುತ್ತವೆ. ಆರಂಭದ ವಾರಗಳಲ್ಲಿ ಕರೆಯನ್ನು ಕತ್ತರಿಸುವ ಕೆಲಸವನ್ನು ಅವರಿಗೇ ಬಿಡಿ, ಅದಕ್ಕೆ ಹತ್ತು ಸೆಕೆಂಡು ಹೆಚ್ಚು ಹಿಡಿದರೂ ಸರಿ.

ದಾರಿ ತಪ್ಪುವುದು ಸಾಮಾನ್ಯವಾಗಿ ಮೂರು ರೀತಿಯಲ್ಲಿ. ಹೋಮ್ ಗುಂಡಿ ಒತ್ತಿದರೆ ಕರೆ ಚಿಕ್ಕ ಚೌಕವಾಗಿ ಮೂಲೆಗೆ ಸೇರುತ್ತದೆ, ಆ ಚೌಕವನ್ನು ಮುಟ್ಟಿದರೆ ಮರಳುತ್ತದೆ. ಮೈಕಿನ ಚಿತ್ರವನ್ನು ಮುಟ್ಟಿದ್ದರೆ ಅವರ ದನಿ ನಿಮಗೆ ಕೇಳಿಸದು. ಕ್ಯಾಮೆರಾ ತಿರುಗಿದ್ದರೆ ಅವರ ಬದಲು ಎದುರಿನ ಗೋಡೆ ಕಾಣುತ್ತದೆ. ಇವನ್ನೆಲ್ಲ ಒಂದೇ ದಿನ ಕಲಿಸಲು ಹೋಗಬೇಡಿ. ಏನೇ ಎಡವಟ್ಟಾದರೂ ಕತ್ತರಿಸಿ ಸುಮ್ಮನೆ ಕೂರಬಹುದು, ನಾನೇ ಮತ್ತೆ ಮಾಡುತ್ತೇನೆ ಎಂಬ ಒಪ್ಪಂದ ಇದ್ದರೆ ಸದ್ಯಕ್ಕೆ ಸಾಕು.

7. ತಾವೇ ಕರೆ ಮಾಡುವುದು

ಕನಿಷ್ಠ ಒಂದು ವಾರ ಕರೆ ಎತ್ತಿ, ಮುಗಿಸಿ ಅಭ್ಯಾಸವಾದ ಮೇಲೆ ಇದನ್ನು ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಮಗಳ ಚಾಟ್ ತೆರೆದು, ಮೂರು ಚುಕ್ಕೆಗಳ ಪಟ್ಟಿಯಲ್ಲಿ ಶಾರ್ಟ್‌ಕಟ್ ಸೇರಿಸುವ ಆಯ್ಕೆಯನ್ನು ಬಳಸಿದರೆ ಅವಳ ಮುಖವೇ ಮುಖಪುಟದಲ್ಲಿ ಬಂದು ಕೂರುತ್ತದೆ. ಇದಕ್ಕಾಗಿ ಮುಖಪುಟದ ಲಾಕನ್ನು ಒಮ್ಮೆ ತೆಗೆದು ಮತ್ತೆ ಹಾಕಬೇಕಾಗಬಹುದು. ಆಮೇಲೆ ಅವರು ಮಾಡಬೇಕಾದದ್ದು ಎರಡೇ: ಮುಖವನ್ನು ಮುಟ್ಟುವುದು, ಮೇಲಂಚಿನಲ್ಲಿರುವ ವೀಡಿಯೊ ಕ್ಯಾಮೆರಾದ ಚಿತ್ರವನ್ನು ಮುಟ್ಟುವುದು. ಕೆಲವು ಫೋನ್‌ಗಳಲ್ಲಿ ಧ್ವನಿ ಕರೆಯೋ ವೀಡಿಯೊ ಕರೆಯೋ ಎಂಬ ಪ್ರಶ್ನೆ ಮತ್ತೊಮ್ಮೆ ಬರುತ್ತದೆ.

ಈ ಹೆಜ್ಜೆಗಳನ್ನು ರಟ್ಟಿನ ಹಾಳೆಯ ಮೇಲೆ ದಪ್ಪಕ್ಷರದಲ್ಲಿ, ಗುಂಡಿಗಳ ಚಿತ್ರ ಬರೆದು, ಫೋನಿನ ಪಕ್ಕದಲ್ಲೇ ಅಂಟಿಸಿ. ಸಾಧ್ಯವಾದರೆ ನೀವು ಹೇಳುತ್ತಿರುವಾಗ ಅವರೇ ತಮ್ಮ ಕೈಬರಹದಲ್ಲಿ ಬರೆದುಕೊಳ್ಳಲಿ; ತಮ್ಮ ಮಾತಿನಲ್ಲಿ ಬರೆದುಕೊಂಡದ್ದು ಅವರಿಗೆ ಬೇಗ ಅರ್ಥವಾಗುತ್ತದೆ.

ಯಾವಾಗ ಕರೆ ಮಾಡಬೇಕೆಂಬುದನ್ನೂ ಬರೆದಿಡಿ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ನ್ಯೂಯಾರ್ಕಿನ ಮಗಳು ಅಲ್ಲಿನ ಬೆಳಿಗ್ಗೆ 10ಕ್ಕೆ ಕರೆ ಮಾಡುವುದಾದರೆ ಇಲ್ಲಿ ಬೇಸಿಗೆಯಲ್ಲಿ ಸಂಜೆ 7.30, ಚಳಿಗಾಲದಲ್ಲಿ 8.30 ಆಗಿರುತ್ತದೆ. ತಿಳಿಸದೆ ಈ ಬದಲಾವಣೆಯಾದರೆ ಊಟ ಬಿಟ್ಟು ಕಾದು ಕೂರುವವರು ಅವರು.

8. ಕರೆ ತಲುಪದಿದ್ದಾಗ ಓದಬೇಕಾದ ಸೂಚನೆಗಳು

ನೀವು ಕರೆ ಮಾಡಿದಾಗ ನಿಮ್ಮ ಪರದೆಯ ಮೇಲೆ 'ಕಾಲಿಂಗ್' ಎಂದಷ್ಟೇ ಇದ್ದರೆ ಕರೆ ಅವರ ಫೋನನ್ನು ಇನ್ನೂ ಮುಟ್ಟಿಲ್ಲ ಎಂದರ್ಥ. 'ರಿಂಗಿಂಗ್' ಎಂದು ಬಂದರೆ ಮುಟ್ಟಿದೆ. ಈ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. 'ಕಾಲಿಂಗ್'ನಲ್ಲೇ ನಿಂತರೆ ನೆಟ್ ಆಫ್ ಆಗಿದೆ, ದಿನದ ಡೇಟಾ ಮುಗಿದಿದೆ, ರೀಚಾರ್ಜ್ ಅವಧಿ ಮುಗಿದಿದೆ ಅಥವಾ ಫೋನೇ ಆಫ್ ಆಗಿದೆ. "ಕರೆನ್ಸಿ ಖರ್ಚಾಗುತ್ತದೆ" ಎಂದು ಮಾತು ಮುಗಿದ ಕೂಡಲೇ ನೆಟ್ ಆಫ್ ಮಾಡಿಡುವ ಹಿರಿಯರು ಬಹಳ. ನೆಟ್ ಆಫ್ ಆಗಿದ್ದರೆ ವಾಟ್ಸಾಪ್ ಗಂಟೆ ಬಾರಿಸುವುದಿಲ್ಲ, ಆನ್ ಇಟ್ಟರೂ ಈಗಿನ ಪ್ಯಾಕಿನಲ್ಲಿ ಹೆಚ್ಚಿನ ದುಡ್ಡು ಕತ್ತರಿಸುವುದಿಲ್ಲ ಎಂದು ವಿವರಿಸಿ. ರೀಚಾರ್ಜ್ ಮುಗಿಯುವ ದಿನಾಂಕವನ್ನು ನಿಮ್ಮ ಫೋನಿನಲ್ಲೇ ನೆನಪಿಗೆ ಹಾಕಿಕೊಳ್ಳಿ.

'ರಿಂಗಿಂಗ್' ಎಂದಿದ್ದೂ ಎತ್ತದಿದ್ದರೆ ಸದ್ದು ತಗ್ಗಿದೆಯೇ, ಡು ನಾಟ್ ಡಿಸ್ಟರ್ಬ್ ಆನ್ ಆಗಿದೆಯೇ ಎಂದು ನೋಡಬೇಕು. ಇಂಥ ವೇಳೆಯಲ್ಲಿ ಮೊದಲು ಸಾಮಾನ್ಯ ಕರೆ ಮಾಡಿ ಮಾತನಾಡಿ, ಆಮೇಲೆ ವೀಡಿಯೊ ಕರೆಗೆ ಬನ್ನಿ. ದೂರದಿಂದ ಸರಿಪಡಿಸಲಾಗದ ತೊಂದರೆಗೆ ಊರಿನಲ್ಲೇ ಒಬ್ಬರನ್ನು, ನೆರೆಮನೆಯ ಕಾಲೇಜು ಹುಡುಗಿಯನ್ನೋ ಹತ್ತಿರದ ನೆಂಟರನ್ನೋ, ಮೊದಲೇ ಕೇಳಿಕೊಂಡಿರಿ.

9. ಮೋಸದ ವೀಡಿಯೊ ಕರೆಗಳು

ವೀಡಿಯೊ ಕರೆ ಎತ್ತಲು ಕಲಿಸಿದ ಮೇಲೆ ಯಾವುದನ್ನು ಎತ್ತಬಾರದು ಎಂದು ಕಲಿಸದಿದ್ದರೆ ಅಪಾಯವನ್ನು ಮನೆಗೆ ಕರೆದಂತಾಗುತ್ತದೆ. ವಾಟ್ಸಾಪ್‌ನ ಪ್ರೈವಸಿ ವಿಭಾಗದಲ್ಲಿ, ಕಾಲ್ಸ್ ಎಂಬಲ್ಲಿ, ಅಪರಿಚಿತರ ಕರೆಗಳನ್ನು ಸದ್ದಿಲ್ಲದಂತೆ ಮಾಡುವ ಆಯ್ಕೆ ಇದೆ. ಪಾಠದ ಮೊದಲ ದಿನವೇ ಅದನ್ನು ಆನ್ ಮಾಡಿ. ಅಕೌಂಟ್ ವಿಭಾಗದ ಟೂ ಸ್ಟೆಪ್ ವೆರಿಫಿಕೇಶನ್‌ಗೆ ಆರು ಅಂಕಿಯ ಪಿನ್ ಹಾಕಿ, ನಿಮ್ಮ ಬಳಿಯೂ ಬರೆದಿಟ್ಟುಕೊಳ್ಳಿ.

ಪೊಲೀಸ್ ಸಮವಸ್ತ್ರ ತೊಟ್ಟವರು ವೀಡಿಯೊ ಕರೆಯಲ್ಲಿ ಕಾಣಿಸಿಕೊಂಡು, ನಿಮ್ಮ ಆಧಾರ್ ಸಂಖ್ಯೆ ಅಪರಾಧಕ್ಕೆ ಬಳಕೆಯಾಗಿದೆ, ಕ್ಯಾಮೆರಾ ಮುಂದಿನಿಂದ ಏಳಬಾರದು, ಯಾರಿಗೂ ಹೇಳಬಾರದು ಎಂದು ಹೆದರಿಸಿ ಹಣ ಹಾಕಿಸಿಕೊಳ್ಳುವ ವಂಚನೆಗೆ 'ಡಿಜಿಟಲ್ ಅರೆಸ್ಟ್' ಎಂಬ ಹೆಸರು ಬಿದ್ದಿದೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. 2024ರ ಅಕ್ಟೋಬರ್‌ನ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರೂ ಇದನ್ನೇ ಹೇಳಿ ಎಚ್ಚರಿಸಿದ್ದರು. ಕಾನೂನನ್ನು ಗೌರವಿಸಿ ಬಾಳಿದವರೇ ಇದಕ್ಕೆ ಸುಲಭವಾಗಿ ಸಿಲುಕುವುದರಿಂದ, ಪೊಲೀಸರು, ಸಿಬಿಐ, ನ್ಯಾಯಾಲಯ ಯಾರೂ ವೀಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಹಣ ಕೇಳುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿ. "ಯಾರಿಗೂ ಹೇಳಬೇಡಿ" ಎಂಬ ಮಾತು ಬಂದರೆ ಕೂಡಲೇ ಕತ್ತರಿಸಬೇಕು.

ಇನ್ನೊಂದು ಬಗೆ, ಬ್ಯಾಂಕಿನವರೆಂದು ಹೇಳಿಕೊಂಡು ಕರೆಯ ನಡುವೆ ಸ್ಕ್ರೀನ್ ಶೇರ್ ಮಾಡಲು ಹೇಳುವುದು. ಪರದೆಯನ್ನು ಹಂಚಿಕೊಂಡರೆ ಅಲ್ಲಿ ಬರುವ ಒಟಿಪಿ ಅವರಿಗೂ ಕಾಣುತ್ತದೆ. ಅಪರಿಚಿತ ಕರೆ ಎತ್ತಿದಾಗ ಅಶ್ಲೀಲ ದೃಶ್ಯ ತೋರಿಸಿ, ಅದರ ಜೊತೆ ಇವರ ಮುಖವನ್ನೂ ರೆಕಾರ್ಡ್ ಮಾಡಿಕೊಂಡು ಬೆದರಿಸುವವರೂ ಇದ್ದಾರೆ. ಇದನ್ನು ಅಪ್ಪನ ಬಳಿ ಹೇಳಲು ಮುಜುಗರವೆನಿಸಿದರೂ ಹೇಳಲೇಬೇಕು, ಹಾಗೇನಾದರೂ ಆದರೆ ಮನೆಯಲ್ಲಿ ಯಾರೂ ಬೈಯುವುದಿಲ್ಲ ಎಂಬುದನ್ನೂ ಈಗಲೇ ತಿಳಿಸಬೇಕು. ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ಗಂಟೆಯೂ ವಂಚಕರಿಗೆ ಅನುಕೂಲ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು, ಬ್ಯಾಂಕಿಗೂ ತಿಳಿಸಬೇಕು. ಈ ಸಂಖ್ಯೆಯನ್ನು 'ಮೋಸವಾದರೆ' ಎಂಬ ಹೆಸರಿನಲ್ಲಿ ಅವರ ಫೋನಿನಲ್ಲಿ ಉಳಿಸಿ, ರಟ್ಟಿನ ಹಾಳೆಯ ಕೆಳಗೂ ನಿಮ್ಮ ಸಂಖ್ಯೆಯ ಪಕ್ಕದಲ್ಲಿ ಬರೆದಿಡಿ.